ಗಂಗಾಳ ಹನ್ನೆರಡು ಹಾಳೆ

ಆಗಸ್ಟ್ 7, 2025. ಗುರುವಾರ, ಸಂಜೆ

ಇವತ್ತು ಹದಿನಾಲ್ಕು ಮಂದಿ. ಐವತ್ತೊಂದು ಮಚ್ಚೆ. ಸೊಂಟ ಹಿಡಿದುಕೊಂಡಿದೆ. ಕೈ ಮಾತ್ರ ನಡುಗಿಲ್ಲ. ಅರವತ್ತಮೂರರ ವಯಸ್ಸಿಗೆ ಇಂಥ ಕೈ ಇರುವುದಕ್ಕೆ ಚರ್ಮದ ಡಾಕ್ಟರ್ ನಾಗರತ್ನಾ ಒಳಗೊಳಗೇ ಹೊಟ್ಟೆಕಿಚ್ಚು ಪಡುತ್ತಾರೆ ಎಂದು ನನ್ನ ಅನುಮಾನ. ಅವರ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು.

ಕೆಲಸ ಅದೇ. ತಿಂಗಳಿಗೊಂದು ಗುರುವಾರ, ಕುಂದಗೋಳ ರಸ್ತೆಯ ಹಳೇ ಹತ್ತಿ ಗೋದಾಮಿನಲ್ಲಿ. ತೊನ್ನು ಇದ್ದವರು ಸುತ್ತಲಿನ ಊರುಗಳಿಂದ ಬರುತ್ತಾರೆ. ಅವರ ಮೈಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಬಿಳುಪಿನ ಅಂಚನ್ನು ಪೆನ್ನಿನಲ್ಲಿ ಎತ್ತಿಕೊಳ್ಳುವುದು ನನ್ನ ಪಾಲು. ಹೋದ ತಿಂಗಳ ಹಾಳೆಯ ಮೇಲೆ ಈ ತಿಂಗಳದ್ದು ಇಟ್ಟರೆ ಗೊತ್ತಾಗುತ್ತದೆ, ಬೆಳೆದಿದೆಯೋ ನಿಂತಿದೆಯೋ. ಡ್ರಾಯಿಂಗ್ ಟೀಚರ್ ಆಗಿ ಮೂವತ್ತೊಂದು ವರ್ಷ ಹುಡುಗರಿಗೆ ಮಾವಿನಕಾಯಿ ಬಿಡಿಸಲು ಕಲಿಸಿದ್ದು ಈಗ ಹೀಗೆ ಉಪಯೋಗಕ್ಕೆ ಬಂತು.

ಆಮೇಲೆ ಕತ್ತಲೆ ಕೋಣೆ. ಕಿಟಕಿಗೆ ಕರಿ ಕಾಗದ ಅಂಟಿಸಿದೆ. ನರ್ಸ್ ರೇಷ್ಮಾಬಿ ನೀಲಿ ದೀಪ ಹಿಡಿಯುತ್ತಾಳೆ. ಬಿಸಿಲಿನಲ್ಲಿ ಕಣ್ಣಿಗೆ ಬೀಳದ ಬಿಳುಪೂ ಅದರಲ್ಲಿ ಸುಣ್ಣ ಬಳಿದಂತೆ ಹೊಳೆಯುತ್ತದೆ. ಮುಂದೆ ಬರಲಿರುವುದು ಮೊದಲೇ ಕಾಣುತ್ತದೆ. ಹಲ್ಲೂ ಹೊಳೆಯುತ್ತವೆ. ಆ ಕೋಣೆಯಲ್ಲಿ ಯಾರೂ ನಗಬಾರದು ಎಂದು ನಾನೇ ಹೇಳಿಬಿಟ್ಟಿದ್ದೇನೆ... ನಡು ಮಧ್ಯಾಹ್ನವೇ ಜೀವ ಝಲ್ ಎನ್ನುತ್ತದೆ.

ಗಂಗಾಳದ್ದು ಇವತ್ತು ಎಂಟನೆಯ ಹಾಳೆ. ಕುತ್ತಿಗೆಯಿಂದ ದವಡೆಯವರೆಗೆ ಒಂದು, ಬಲ ಮುಂಗೈ ಮೇಲೆ ಒಂದು. ಎರಡೂ ಜನವರಿಯಲ್ಲಿ ಇದ್ದಲ್ಲಿಯೇ ಇವೆ. ಕೂದಲೆಳೆಯಷ್ಟೂ ಸರಿದಿಲ್ಲ. ಹನ್ನೆರಡು ಹಾಳೆ ಹೀಗೇ ಇದ್ದು, ಹೊಸದೊಂದೂ ಬರದಿದ್ದರೆ ಆಪರೇಶನ್. ತೊಡೆಯ ಚರ್ಮ ತೆಗೆದು ಕುತ್ತಿಗೆಗೆ, ಮುಂಗೈಗೆ ಕೂರಿಸುತ್ತಾರೆ. ನಡುವೆ ಹೊಸದು ಬಂತೋ, ಎಣಿಕೆ ಮತ್ತೆ ಒಂದರಿಂದ.

"ಅಷ್ಟ್ಯಾಕ ಕಟ್ಟುನಿಟ್ಟು?" ಎಂದು ಕೇಳಿದ್ದೆ. ಡಾಕ್ಟರ್ ಹೇಳಿದರು: "ರೋಗ ಇನ್ನೂ ಎಚ್ಚರ ಇದ್ದಾಗ ಕತ್ತರಿ ಹಾಕಿದ್ರ, ಹಚ್ಚಿದ್ದೂ ಬಿಳಿ ಆಗ್ತದ, ತೆಗೆದ ಜಾಗಾನೂ ಬಿಳಿ ಆಗ್ತದ ಮೇಡಂ. ಎರಡೂ ಕಡೆ ನಷ್ಟ."

ಆಗಸ್ಟ್ 15

ಹೈಸ್ಕೂಲಿನಲ್ಲಿ ಧ್ವಜ. ನಿವೃತ್ತರಿಗೆ ಮುಂದಿನ ಸಾಲಿನ ಕುರ್ಚಿ, ಒಂದು ಬಾಳೆಹಣ್ಣು.

ಅಡುಗೆ ಮನೆಯ ಹಿಂದೆ ಗಂಗಾ ಬೋಗುಣಿ ತಿಕ್ಕುತ್ತಿದ್ದಳು. ಬಿಸಿಯೂಟದ ಅಡುಗೆಗೆಂದೇ ಸೇರಿಸಿಕೊಂಡ ಹುಡುಗಿ. ಎರಡು ವರ್ಷ ಅವಳ ಕೈಯ ಸಾರಿಗೆ ಮಕ್ಕಳು ತಟ್ಟೆ ನೆಕ್ಕುತ್ತಿದ್ದರು. ಮುಂಗೈ ಮೇಲಿನದು ದೊಡ್ಡದಾದಾಗ ನಾಲ್ಕು ಮಂದಿ ತಂದೆತಾಯಿ ತಕರಾರು ತೆಗೆದರು. ಶಾಲಾ ಸಮಿತಿಯವರು ಸೌಟು ಕಸಿದು ಪಾತ್ರೆಗೆ ಹಾಕಿದರು. ವಾಸಿಯಾಗಿ ಬಂದರೆ ಸೌಟು ಕೊಡುತ್ತಾರಂತೆ. ಇದು ಅಂಟುವ ರೋಗವಲ್ಲ ಎಂದು ಡಾಕ್ಟರ್ ಬಂದು ಭಾಷಣ ಮಾಡಿ ಹೋದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾತ್ರೆ ಮಾತ್ರ ಅವಳೇ ತಿಕ್ಕುತ್ತಿದ್ದಾಳೆ.

"ಇನ್ನ ನಾಕ ಹಾಳಿ ನೋಡ್ರಿ ಅಕ್ಕೋರ," ಎಂದಳು. ಬೂದಿ ಮೆತ್ತಿದ ಬೆರಳು ನಾಲ್ಕು ತೋರಿಸಿದಳು.

ಸೆಪ್ಟೆಂಬರ್ 4, ಗುರುವಾರ

ಬರೆಯಬೇಕೋ ಬೇಡವೋ. ಬರೆಯುತ್ತೇನೆ. ಇದನ್ನು ಓದುವವರು ಯಾರಿದ್ದಾರೆ.

ಗಂಗಾಳ ಒಂಬತ್ತನೆಯ ಹಾಳೆ. ಕುತ್ತಿಗೆ ಅಷ್ಟೇ. ಮುಂಗೈ ಅಷ್ಟೇ. ಕತ್ತಲೆ ಕೋಣೆಗೆ ಹೋದೆವು. ಎದುರಿನಿಂದ ನೋಡಿಯಾಯಿತು. ತಿರುಗು ಎಂದೆ. ರವಿಕೆ ಸಡಿಲಿಸಿ ತಿರುಗಿದಳು. ರೇಷ್ಮಾಬಿ ದೀಪ ಎತ್ತಿದಳು, ಏನೂ ಮಾತಾಡಲಿಲ್ಲ. ಅವಳು ಸುಮ್ಮನಿರುವವಳಲ್ಲ. ಬಾಯಿ ಮುಚ್ಚಿದರೆ ಸಂತೆಯೇ ನಿಂತಂತೆ.

ಆಮೇಲೆ ಮೆಲ್ಲಗೆ, "ಅಕ್ಕೋರ, ಇದು ಕೈ ಐತ್ರಿ."

ಭುಜದ ಎಲುಬಿನ ಕೆಳಗೆ. ಅಂಗೈ. ಹೆಬ್ಬೆರಳು. ಬೆರಳುಗಳು. ಯಾರೋ ಸುಣ್ಣದಲ್ಲಿ ಕೈ ಅದ್ದಿ ಒತ್ತಿದ ಹಾಗೆ. ಹಬ್ಬಕ್ಕೆ ಗೋಡೆಗೆ ಒತ್ತುತ್ತೇವಲ್ಲ, ಹಾಗೆ.

ದೀಪ ಆರಿಸಿ ಬಾಗಿಲು ತೆಗೆಸಿದೆ. ಬೆಳಕಿನಲ್ಲಿ ಬೆನ್ನು ಸ್ವಚ್ಛ, ಎಣ್ಣೆಗೆಂಪು, ಏನೇನೂ ಇಲ್ಲ. ಮತ್ತೆ ಮುಚ್ಚಿಸಿದೆ. ಕೈ ಇತ್ತು.

ಸೋಪಿನ ಪುಡಿ ಇರಬೇಕು ಎಂದೆ. ಬಟ್ಟೆ ಸೋಪು, ಪೌಡರು, ಇವೆಲ್ಲ ಆ ದೀಪಕ್ಕೆ ಹೊಳೆಯುತ್ತವೆ. ಒದ್ದೆ ಹತ್ತಿಯಿಂದ ಒರೆಸು ಎಂದೆ. ರೇಷ್ಮಾಬಿ ಒರೆಸಿದಳು. ಹೋಗಲಿಲ್ಲ. ಇನ್ನೊಮ್ಮೆ ಎಂದೆ. ಹೋಗಲಿಲ್ಲ. ಸ್ಪಿರಿಟ್ ಹಾಕಿ ಗಟ್ಟಿಯಾಗಿ ಒರೆಸು ಎಂದೆ — ನನ್ನ ದನಿ ಸ್ವಲ್ಪ ಏರಿತ್ತು.

ಗಂಗಾ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ಹೋಗೂದಿಲ್ರಿ ಅಕ್ಕೋರ. ಆವಾಗೂ ಹೋಗಿರಲಿಲ್ಲ."

ಯಾವಾಗ ಎಂದು ಕೇಳಲಿಲ್ಲ. ತಿಳಿಯಲೂ ಇಲ್ಲ. ಕೈಗೆ ಅಭ್ಯಾಸ, ಹೊಸ ಹಾಳೆ ಹಾಸಿ ಅಂಚು ಎತ್ತತೊಡಗಿದೆ. ಹೆಬ್ಬೆರಳು ಸುತ್ತಿ ಬಂತು ಪೆನ್ನು. ತೋರುಬೆರಳಿಗೆ ಹೋಯಿತು. ಅರ್ಧಕ್ಕೇ ತಿರುಗಿ ಬಂತು. ಅಲ್ಲಿಂದ ಮುಂದೆ ಬೆರಳೇ ಇಲ್ಲ.

ಪೆನ್ನು ಹಿಡಿದ ನನ್ನ ಕೈ ನೋಡಿದೆ. ಆರು ವರ್ಷದವಳಿದ್ದಾಗ ದನಕ್ಕೆ ಮೇವು ಕತ್ತರಿಸಲು ಹೋಗಿ ನನ್ನ ಬಲ ತೋರುಬೆರಳು ಅರ್ಧಕ್ಕೆ ತುಂಡಾಗಿದೆ. ಹೆಬ್ಬೆರಳು, ನಡುಬೆರಳಲ್ಲೇ ಪೆನ್ನು ಹಿಡಿಯುವುದು ನಾನು. ಈ ಊರಲ್ಲಿ ಇಂಥ ಕೈ ಇನ್ನೊಂದಿಲ್ಲ.

ಹೊಸದು ಬಂದಿದೆ ಎಂದು ರೇಷ್ಮಾಬಿ ಅವಳಿಗೆ ಹೇಳಿದಳು. ಗಂಗಾ ರವಿಕೆ ಹಿಡಿದುಕೊಂಡು ತಿರುಗಿದಳು. "ಬರೀಬ್ಯಾಡ್ರಿ ಅಕ್ಕೋರ. ಬೆಳಕಿನ್ಯಾಗ ಕಾಣಂಗಿಲ್ಲ ಅಂತೀರಿ. ಇನ್ನ ಮೂರ ಹಾಳಿ ಉಳದಾವು. ನಿಮ್ಮ ಕಾಲ ಬೀಳ್ತೀನಿ."

ಬೀಳಲು ಬಿಡಲಿಲ್ಲ. ಫಾರ್ಮಿನಲ್ಲಿ 'ಹೊಸ ಮಚ್ಚೆ: ಇಲ್ಲ' ಎಂದು ಬರೆದೆ. ಎತ್ತಿದ ಹಾಳೆ ಮಡಿಸಿ ಚೀಲಕ್ಕೆ ಹಾಕಿಕೊಂಡೆ. ರೇಷ್ಮಾಬಿ ನನ್ನನ್ನೇ ನೋಡುತ್ತಿದ್ದಳು. ಅವಳೂ ಸಹಿ ಮಾಡಬೇಕು. ಮಾಡಿದಳು.

ಸೆಪ್ಟೆಂಬರ್ 6, ಶನಿವಾರ

ನಿನ್ನೆ ರಜೆ, ಅದಕ್ಕೆ ಶಿಕ್ಷಕರ ದಿನಾಚರಣೆ ಇವತ್ತು. ಶಾಲು ಹೊದಿಸಿದರು. ಹಳೆಯ ವಿದ್ಯಾರ್ಥಿ ಮಾಂತೇಶ ಮಾತಾಡಿದ. ಈಗ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್. ಮೈಕ್ ಹಿಡಿದರೆ ಅವನಿಗೂ ಸ್ಟಾಪು ಸಿಗುವುದಿಲ್ಲ.

"ಮಲ್ಲಮ್ಮ ಅಕ್ಕೋರ ಕೈ ಅಂದ್ರ ಏನ್ ತಿಳದೀರಿ! ಬೆನ್ನಾಗ ಒಂದ್ ಬಿತ್ತಂದ್ರ ಮೂರ ದಿನ ಮಕಾಡೆ ಮಲಗಬೇಕ. ಆ ಕೈಯಿಂದಾನ ನಾವು ಮನಷ್ಯಾರಾಗೇವ್ರಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ದಂಡಂ ದಶಗುಣಂ ಎಂದು ಹೆಡ್ ಮಾಸ್ತರರು ಸೇರಿಸಿದರು. ಹಿಂದೆ ಅಡುಗೆ ಮನೆಯಲ್ಲಿ ಪಾತ್ರೆ ಸದ್ದು ನಿಂತಿತು.

ಆಗ ನೆನಪಾಯಿತು. ಶಾಲು ಹೆಗಲ ಮೇಲಿದ್ದಾಗಲೇ.

2013. ಎಂಟನೆಯ ತರಗತಿ, ಬಿ ವಿಭಾಗ. ಪೋಸ್ಟರ್ ಕಲರ್ ಮೊದಲ ಸಲ ತಂದ ವಾರ. ಬಿಳಿ ಡಬ್ಬಿ ಯಾರೋ ಚೆಲ್ಲಿದ್ದರು. ಬೆಂಚು ಬೆಂಚಿಗೂ ಕೈ ನೋಡುತ್ತಾ ಹೋದೆ. ಗಂಗಾಳ ಮಣಿಕಟ್ಟಿನ ಮೇಲೆ ಬೆರಳಗಲ ಬಿಳಿ. ತೊಳೆದುಕೊಂಡು ಬಾ ಎಂದೆ. ನಳದವರೆಗೆ ಹೋಗಿ ಬಂದಳು. ಇನ್ನೂ ಇತ್ತು. ಮತ್ತೆ ಕಳಿಸಿದೆ. ಬಂದಳು, ಇತ್ತು. ಮೂರನೆಯ ಸಲ ಮೊಣಕೈವರೆಗೆ ತೋಯ್ದು, ಮಣಿಕಟ್ಟು ಉಜ್ಜಿ ಉಜ್ಜಿ ಕೆಂಪಾಗಿಸಿಕೊಂಡು ಬಂದಳು. ಬಿಳಿ ಅಲ್ಲೇ. ನನ್ನ ಜೊತೆ ಆಟ ಆಡುತ್ತೀಯಾ ಎಂದೆ. ಬೆನ್ನಿಗೆ ಬಾರಿಸಿದೆ. ತರಗತಿ ನಕ್ಕಿತು.

ಬಣ್ಣ ಗುರುತಿಸುವುದೇ ನನ್ನ ಕಸುಬು! ಚರ್ಮದ ಬಿಳುಪಿಗೂ ಡಬ್ಬಿಯ ಬಿಳುಪಿಗೂ ವ್ಯತ್ಯಾಸ ತಿಳಿಯಲಿಲ್ಲ. ಆರು ತಿಂಗಳಲ್ಲಿ ಅದೇನೆಂದು ಊರಿಗೆಲ್ಲ ಗೊತ್ತಾಯಿತು. ನನಗೂ ಗೊತ್ತಾಯಿತು. ಅವಳನ್ನು ಕರೆದು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಮರೆತುಬಿಟ್ಟಿದ್ದೆ ಎಂದು ಬರೆದರೆ ಅದೂ ಸುಳ್ಳು. ನೆನಪಿಟ್ಟುಕೊಳ್ಳಲು ಮನಸ್ಸು ಮಾಡಲಿಲ್ಲ.

ಸೆಪ್ಟೆಂಬರ್ 19

ಡಾಕ್ಟರಿಗೆ ಫೋನ್ ಮಾಡಿದೆ. ಹೆಸರು ಹೇಳಲಿಲ್ಲ. ತೊನ್ನು ಇರುವವರಿಗೆ ಪೆಟ್ಟು ಬಿದ್ದರೆ ಅಲ್ಲಿ ಬಿಳುಪು ಬರುತ್ತದೆಯೇ ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದೆ.

"ಬರ್ತದಲ್ರಿ. ತರಚಿದಲ್ಲಿ, ಸುಟ್ಟಲ್ಲಿ, ಲಂಗದ ಲಾಡಿ ಬಿಗಿದಲ್ಲಿ ಗೆರಿ ಎಳದಂಗ ಬರ್ತದ. ರೋಗ ಎಚ್ಚರ ಇದ್ದರ ಮಾತ್ರ."

"ಎಷ್ಟ ದಿನಕ್ಕ?"

"ಎರಡು ವಾರ, ಮೂರು ವಾರ."

"ಹನ್ನೆರಡು ವರ್ಷಕ್ಕ?"

ನಕ್ಕುಬಿಟ್ಟರು. "ಚರ್ಮ ಹನ್ನೆರಡು ವರ್ಷ ಕಾಯೂದಿಲ್ಲ ಮೇಡಂ."

ಹಾಳೆ ಟ್ರಂಕಿನಿಂದ ತೆಗೆದು ಮೇಜಿನ ಮೇಲೆ ಹಾಸಿದೆ. ನನ್ನ ಕೈ ಇಟ್ಟು ನೋಡಲಿಲ್ಲ. ಅಳತೆ ನೋಡಲು ಅಷ್ಟು ಧೈರ್ಯ ಎಲ್ಲಿಂದ ತರಲಿ.

ಅಕ್ಟೋಬರ್ 9, ಗುರುವಾರ

ಎರಡು.

ಹಳೆಯ ಕೈಯ ಪಕ್ಕದಲ್ಲಿ, ಸ್ವಲ್ಪ ಓರೆಯಾಗಿ, ಇನ್ನೊಂದು. ಎರಡಕ್ಕೂ ತೋರುಬೆರಳು ಗಿಡ್ಡ. ಕುತ್ತಿಗೆ, ಮುಂಗೈ ಹಾಗೇ ಇವೆ, ಕಲ್ಲಿನ ಹಾಗೆ. ಬೆನ್ನು ಮಾತ್ರ.

ಬಾಯಿ ತಪ್ಪಿ ಬಂತು: "ಒಂದ ಸಲ ಅಲ್ಲೇನ ನಾ ಹೊಡದದ್ದು..."

ಗಂಗಾ ಗೋಡೆ ಕಡೆಗೇ ನೋಡುತ್ತಿದ್ದಳು. ಸಿಟ್ಟಿನ ದನಿಯಲ್ಲ. ಅಂಗಡಿಯವನಿಗೆ ಲೆಕ್ಕ ತಿದ್ದುವ ದನಿ.

"ಮೂರ ಸಲರಿ."

ಆ ಕೋಣೆ ಎಷ್ಟು ಚಿಕ್ಕದು ಎಂದು ಇವತ್ತೇ ಗೊತ್ತಾದದ್ದು. ಬಾಗಿಲು ಎಲ್ಲಿದೆ ಎಂದು ಕೈಯಿಂದ ತಡವಿ ಹುಡುಕಿದೆ.

ಹೊರಗೆ ಬಂದ ಮೇಲೆ ರೇಷ್ಮಾಬಿ ಸಹಿಗೆ ಒಪ್ಪಲಿಲ್ಲ. "ಇದ್ದದ್ದ ಬರೀರಿ ಅಕ್ಕೋರ. ಇದು ರೋಗ ಅಲ್ಲ, ಬ್ಯಾರೇನ ಐತಿ. ನಮ್ಮ ಕೈಯಾಗಿನ ಆಟ ಅಲ್ಲ." ಗಂಗಾ ಅವಳ ಎರಡೂ ಕೈ ಹಿಡಿದುಕೊಂಡಳು. ಹಿಡಿದುಕೊಂಡೇ ನಿಂತಳು. ರೇಷ್ಮಾಬಿ ಸಹಿ ಮಾಡಿ ಕಣ್ಣೊರೆಸಿಕೊಂಡಳು. ನಾನು ಎರಡನೆಯ ಹಾಳೆಯನ್ನೂ ಚೀಲಕ್ಕೆ ಹಾಕಿದೆ.

ಅಕ್ಟೋಬರ್ 24

ಚಾರ್ಜ್ ಮಾಡುವ ನೆಪ ಹೇಳಿ ನೀಲಿ ದೀಪ ಮನೆಗೆ ತಂದೆ. ಕಾಳಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನನ್ನ ಮೈ ನೋಡಿಕೊಂಡೆ. ತೋಳು, ಹೊಟ್ಟೆ, ಕನ್ನಡಿ ಹಿಡಿದು ಬೆನ್ನು. ಏನೂ ಇಲ್ಲ. ಅಂಗೈ ನೋಡಿದೆ, ಬಹಳ ಹೊತ್ತು. ಎಲ್ಲರ ಅಂಗೈಯಂತೆ.

ಯಜಮಾನರು ಬಾಗಿಲು ಬಡಿದರು. ತೆಗೆದೆ. ಕೈಯಲ್ಲಿ ದೀಪ, ಕೂದಲು ಕೆದರಿದೆ.

"ಏನ್ ಹುಡುಕಾಕತ್ತಿ?"

"ಕೈ."

"ಯಾರದು?"

ಅವರು ದೀಪ ನೋಡಿದರು, ನನ್ನನ್ನು ನೋಡಿದರು. "ಚಾ ಮಾಡಲ್ಯಾ?" ಎಂದರು. ಹನಮಂತಪ್ಪನವರ ಬಳಿ ಎಲ್ಲ ರೋಗಕ್ಕೂ ಅದೊಂದೇ ಔಷಧ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಕಳ್ಳಿ ಎಂದೂ ಅಂದಿಲ್ಲ. ಅವರು ಚಾ ಕೊಟ್ಟಾಗ ಕಪ್ಪನ್ನು ಎಡಗೈಯಲ್ಲಿ ಹಿಡಿದಿದ್ದೆ. ಈ ವಾರವೆಲ್ಲ ಹಾಗೇ ಆಗುತ್ತಿದೆ. ಬಲಗೈಯಿಂದ ಏನನ್ನೂ ಮುಟ್ಟಲು ಮನಸ್ಸಾಗುತ್ತಿಲ್ಲ.

ನವೆಂಬರ್ 6, ಗುರುವಾರ

ಮೂರು.

ಇದು ಕೆಳಗೆ, ಸೊಂಟಕ್ಕೆ ಹತ್ತಿರ. ಉಳಿದ ಎರಡಕ್ಕಿಂತ ಗಾಢ. ಬೆರಳ ಸಂದು ಸಂದೂ ಎಣಿಸಬಹುದು.

ನನಗೆ ಮೊದಲನೆಯದು ನೆನಪಿದೆ. ಎರಡನೆಯದು, ತರಗತಿ ನಕ್ಕಾಗ ಸಿಟ್ಟು ಏರಿ ಇನ್ನೊಂದು ಕೊಟ್ಟಿರಬೇಕು, ಹೌದು, ಕೊಟ್ಟೆ. ಮೂರನೆಯದು ಎಷ್ಟು ಕೆದಕಿದರೂ ಬರುವುದಿಲ್ಲ. ಕೇಳಿದೆ. ಕತ್ತಲೆಯಲ್ಲಿ ಕೇಳುವುದು ಸುಲಭ.

"ಸಾಲಿ ಬಿಟ್ಟ ಮ್ಯಾಲರಿ," ಎಂದಳು. "ಎಲ್ಲಾರೂ ಹೋಗಿದ್ರು. ನಾ ಬೆಂಚ ಒರಸಾಕತ್ತಿದ್ದೆ, ನೀವ ಹೇಳಿದ್ರಿ. ನೀವು ಬಂದು ನನ್ನ ಮಾರಿ ನೋಡಿದ್ರಿ. ಇಷ್ಟಾದ್ರೂ ಅಳವಲ್ಲಿ ಅಲ್ಲ ಅಂತ ಹೊಡದ್ರಿ."

ದೀಪ ಸಣ್ಣಗೆ ಗುಂಯ್ ಎನ್ನುತ್ತಿತ್ತು. ರೇಷ್ಮಾಬಿ ಮುಖ ತಿರುಗಿಸಿಕೊಂಡಳು.

"ಆವಾಗ ಅತ್ತೇನು?" ಎಂದೆ. ಯಾಕೆ ಕೇಳಿದೆನೋ.

"ಇಲ್ರಿ."

ಹನ್ನೊಂದನೆಯ ಫಾರ್ಮು. ಹೊಸ ಮಚ್ಚೆ: ಇಲ್ಲ. ಮೂರನೆಯ ಹಾಳೆ ಚೀಲಕ್ಕೆ. ನಾಚಿಕೆಯಾಗುತ್ತಿದೆ. ಬೇರೆ ಶಬ್ದ ಹುಡುಕುವುದಿಲ್ಲ, ನಾಚಿಕೆಯೇ.

ನವೆಂಬರ್ 18

ಡಾಕ್ಟರ್ ಹನ್ನೊಂದು ಹಾಳೆ ನೋಡಿ ಖುಷಿಯಾಗಿ ಡಿಸೆಂಬರ್ 15ಕ್ಕೆ ಆಪರೇಶನ್ ಗೊತ್ತು ಮಾಡಿದ್ದಾರೆ. ಹನ್ನೆರಡನೆಯದು ಡಿಸೆಂಬರ್ 4ಕ್ಕೆ. ಅವತ್ತು ಅವರೇ ಬರುತ್ತಾರೆ. ಕುತ್ತಿಗೆ, ಮುಂಗೈ ನೋಡಿ ಸಹಿ ಹಾಕುವುದಷ್ಟೇ. "ನಿಮ್ಮ ಹಾಳಿ ಮ್ಯಾಲೆ ನನಗ ಪೂರ್ಣ ವಿಶ್ವಾಸ ಅದ ಮೇಡಂ," ಎಂದರು.

ಮಧ್ಯಾಹ್ನ ಗಂಗಾ ಮನೆಗೆ ಬಂದಳು. ಮೊದಲ ಸಲ. ಹೊಸ್ತಿಲಲ್ಲಿ ನಿಂತಳು, ಒಳಗೆ ಕರೆದೆ. ಸಮಿತಿಯವರು ಹೂಂ ಅಂದಿದ್ದಾರಂತೆ. ಪಟ್ಟಿ ಬಿಚ್ಚಿ ಬಣ್ಣ ಕೂಡಿದ ಮೇಲೆ ಸೌಟು ಅವಳದ್ದೇ. ಹೇಳುತ್ತಾ ನಕ್ಕಳು. ಅವಳು ನಕ್ಕದ್ದು ನಾನು ಹಿಂದೆ ಯಾವಾಗ ನೋಡಿದ್ದೆ!

ಹೇಳಿದೆ. ಎಲ್ಲವನ್ನೂ ಹೇಳಿದೆ. ಬೆನ್ನಿನಲ್ಲಿ ರೋಗ ಎಚ್ಚರವಾಗಿದೆ, ಕತ್ತರಿ ಹಾಕಿದರೆ ಕುತ್ತಿಗೆ, ಮುಂಗೈಯದು ಹಿಡಿಯುವುದಿಲ್ಲ, ತೊಡೆಯೂ ಬಿಳಿಯಾಗುತ್ತದೆ ಎಂದೆ.

"ನನ್ನ ತೊಡಿ ಯಾರ ನೋಡ್ತಾರ್ರಿ ಅಕ್ಕೋರ?"

"ಹಚ್ಚಿದ್ದೂ ಹಿಡಿಯೂದಿಲ್ಲ ಗಂಗಾ."

"ಹಿಡದ್ರ ಹಿಡೀತು. ನಾಕ ತಿಂಗಳ ಹಿಡದ್ರೂ ಸಾಕು. ಒಮ್ಮೆ ಸೌಟು ಕೈಗಿ ಬಂದ್ರ ನಾ ಬಿಡಂಗಿಲ್ಲ."

"ಡಾಕ್ಟರಿಗೆ ಹೇಳಬೇಕಾಗ್ತದ."

ಎದ್ದು ನಿಂತಳು. ಸೆರಗು ಕುತ್ತಿಗೆ ಮೇಲೆ ಎಳೆದುಕೊಂಡಳು. "ಯಾಕರಿ? ಸುಮ್ಕಿರೂದು ನಿಮಗ ಹೊಸಾದೇನಲ್ಲಲ್ರಿ."

ನೀರು ಕೊಟ್ಟಿದ್ದೆ. ಲೋಟ ಮುಟ್ಟದೆ ಹೋದಳು.

ಡಿಸೆಂಬರ್ 3

ಹದಿನೈದು ದಿನ ಏನೂ ಬರೆದಿಲ್ಲ. ಬರೆಯಲು ಕೂತರೆ ನನ್ನದೇ ಕೈ ಕಾಗದದ ಮೇಲೆ ಕಾಣುತ್ತದೆ.

ಹೇಳಿದರೆ ಅವಳ ಒಂದು ವರ್ಷ ಹೋಯಿತು. ಸೌಟು ಹೋಯಿತು. ಹೇಳದಿದ್ದರೆ ಅವಳ ತೊಡೆ, ಅವಳ ಕುತ್ತಿಗೆ. ಒಮ್ಮೆ ಹಿಡಿಯದಿದ್ದರೆ ಡಾಕ್ಟರ್ ಎರಡನೆಯ ಸಲ ಕತ್ತರಿ ಹಾಕುವುದಿಲ್ಲ, ಅದೂ ಗೊತ್ತು. ಲೆಕ್ಕ ಸುಲಭವೇ. ಹೇಳಬೇಕು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿಕೊಂಡರೆ, ಆ ಕೈ ಯಾರದೆಂದು ಡಾಕ್ಟರ್ ಕೇಳುತ್ತಾರಲ್ಲ ಎಂಬ ಹೆದರಿಕೆಯೂ ಅದರಲ್ಲಿ ಪಾಲುದಾರ. ಅವಳಿಗೆ ಕರುಣೆ ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅರ್ಧ ನನ್ನ ಮಾನಕ್ಕೆ ಕಾವಲು ಕೂತಿದ್ದೆ.

ಅವಳ ಮನೆಗೆ ಹೋಗಿ ಮೊದಲು ಅವಳಿಗೆ ತಿಳಿಸಬೇಕಿತ್ತು. ಓಣಿಯ ತಿರುವಿನವರೆಗೆ ಹೋದೆ. ಬಟ್ಟೆ ಒಣಹಾಕುತ್ತಿದ್ದಳು, ಬೆನ್ನು ಈ ಕಡೆ. ತಿರುಗಿ ಬಂದುಬಿಟ್ಟೆ.

ಡಿಸೆಂಬರ್ 4, ಗುರುವಾರ. ಸಂಜೆ

ಹೇಳಿದೆ.

ಡಾಕ್ಟರ್ ಪೆನ್ನು ತೆಗೆದು ಸಹಿಗೆ ಬಗ್ಗಿದ್ದರು. ಗಂಗಾ ಹಸಿರು ಸೀರೆ ಉಟ್ಟು ಬಂದಿದ್ದಳು. ನಾನು ಚೀಲದಿಂದ ಮೂರು ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್. ಇವನ್ನು ಮುಚ್ಚಿಟ್ಟವಳು ನಾನು, ರೇಷ್ಮಾಬಿಯದೂ ತಪ್ಪಿಲ್ಲ, ಗಂಗಾಳದೂ ಇಲ್ಲ ಎಂದೆ. ಯಾರ ಕೈ ಎಂಬುದನ್ನೂ ಹೇಳಿದೆ. ಎಂದು, ಎಲ್ಲಿ, ಯಾಕೆ. ಎಲ್ಲ.

ಡಾಕ್ಟರರ ಮುಖ ಕೆಂಪಗಾಯಿತು. "ಮೂವತ್ತ ವರ್ಷ ಸಾಲಿ ಕಲಿಸೀರಿ ಅಂತ ನಂಬಿದೆ," ಎಂದರು. ಅಷ್ಟೇ. ಕತ್ತಲೆ ಕೋಣೆಗೆ ನಡೆದರು. ನಾವೆಲ್ಲ ಹಿಂದೆ.

ದೀಪ ಅವರೇ ಹಿಡಿದರು. ಮೂರೂ ಇದ್ದವು. ಸ್ಕೇಲ್ ಇಟ್ಟು ಅಳೆದರು. ಆಮೇಲೆ ನನ್ನ ಬಲಗೈ ಮಣಿಕಟ್ಟು ಹಿಡಿದು ದೀಪದ ಬೆಳಕಿಗೆ ಎಳೆದುಕೊಂಡರು. ಬೆನ್ನಿನ ಪಕ್ಕಕ್ಕೆ, ಗೇಣು ದೂರಕ್ಕೆ ತಂದರು. ಕೈ ನೋಡಿದರು, ಬೆನ್ನು ನೋಡಿದರು. ಇನ್ನೂ ಹತ್ತಿರ ಒಯ್ಯಲು ನೋಡಿದಾಗ ನಾನು ಕಿತ್ತುಕೊಂಡೆ. ಮುಟ್ಟಲಿಲ್ಲ. ಸೆರಗಿನಲ್ಲಿ ಸುತ್ತಿಟ್ಟುಕೊಂಡೆ.

ಹೊರಗೆ ಬಂದು ಬರೆದರು. 'ಹೊಸ ಮಚ್ಚೆ: ಮೂರು.' ಆಕಾರದ ಬಗ್ಗೆ ಒಂದಕ್ಷರ ಇಲ್ಲ. ಅವರ ಕಾಗೆ ಕಾಲು ಇವತ್ತು ಇನ್ನೂ ಸೊಟ್ಟಗಿತ್ತು. ಡಿಸೆಂಬರ್ 15 ಎಂದಿದ್ದ ಕಡೆ ಅಡ್ಡಗೆರೆ ಎಳೆದರು. ಜನವರಿಯಿಂದ ಎಣಿಕೆ ಮತ್ತೆ ಒಂದು. ಬೇರೆಯವರು ಸಿಗುವವರೆಗೆ ಹಾಳೆ ನಾನೇ ಎತ್ತಬೇಕು, ಅವರು ಪ್ರತಿ ತಿಂಗಳೂ ಎದುರಿಗೇ ಇರುತ್ತಾರೆ.

ಗಂಗಾ ಇನ್ನೂ ಒಳಗೇ ಇದ್ದಳು. ಹೋದೆ. ರವಿಕೆ ಗುಂಡಿ ಹಾಕಿಕೊಂಡಿದ್ದಳು, ಮುಖ ಗೋಡೆಗೆ. ಏನು ಹೇಳಬೇಕೆಂದು ಹದಿನೈದು ದಿನ ಹೊಂದಿಸಿಟ್ಟಿದ್ದೆ. ತಪ್ಪಾಯಿತು ಎನ್ನುವುದೊಂದೇ ಬಾಯಿಗೆ ಬಂತು. "ತಪ್ಪಾತು ಗಂಗಾ. ಆವಾಗಿಂದಕ್ಕೂ, ಈಗಿಂದಕ್ಕೂ. ನಿನ್ನ ಛಲೋದಕ್ಕ ಹೇಳೇನಿ."

ತಿರುಗಲಿಲ್ಲ. ಅಳುತ್ತಿದ್ದಾಳೇನೋ ಎಂದು ಕಿವಿಗೊಟ್ಟೆ. ಉಸಿರು ಕೂಡ ಏರಿರಲಿಲ್ಲ.

"ಈಗ ನಾಕ ಸಲ ಆತ್ರಿ," ಎಂದಳು.

2026, ಜನವರಿ 1. ಗುರುವಾರ, ಬೆಳಿಗ್ಗೆ 11. ಗೋದಾಮಿನಲ್ಲೇ ಕೂತು

ಗಂಗಾ ಬರುವುದಿಲ್ಲ ಎಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಉಗುರಿನ ಸಂದಿಯಲ್ಲಿ ಪಾತ್ರೆ ತಿಕ್ಕಿದ ಬೂದಿ. ನಮಸ್ಕಾರ ಅಕ್ಕೋರ ಎಂದಳು, ಎಂದಿನಂತೆ.

ಕುತ್ತಿಗೆ, ಮುಂಗೈ ಎತ್ತಿಯಾಯಿತು. ಹಾಳೆ ಒಂದು. ಸರಿದಿಲ್ಲ. ಎಡಗೈಯಲ್ಲಿ ಹಾಳೆ ಒತ್ತಿಕೊಂಡು, ಬಲಗೈಗೆ ಎರಡು ಗ್ಲೌಸ್ ಹಾಕಿಕೊಂಡು ಬರೆದೆ. ಡಾಕ್ಟರ್ ನೋಡಿದರು, ದೀಪ ಎತ್ತಿಕೊಂಡು ಎದ್ದರು.

ಈಗ ಅವರು ಮೂವರೂ ಕತ್ತಲೆ ಕೋಣೆಗೆ ಹೋಗಿದ್ದಾರೆ. ಪೆನ್ನು ಬದಲಿಸಿಕೊಂಡು ಬರುತ್ತೇನೆ ಎಂದು ಹೇಳಿ ಇಲ್ಲಿ ಕೂತಿದ್ದೇನೆ. ದೀಪ ಹಚ್ಚುವ ಮೊದಲೇ ಇದೊಂದನ್ನು ಬರೆದಿಡಬೇಕು. ಡಿಸೆಂಬರ್ ನಾಲ್ಕರಂದು ನಾನು ಅವಳನ್ನು ಮುಟ್ಟಿಲ್ಲ. ಡಾಕ್ಟರ್ ಇದ್ದರು. ರೇಷ್ಮಾಬಿ ಇದ್ದಳು. ಗೇಣು ದೂರವಿತ್ತು ಕೈ. ಕಿತ್ತುಕೊಂಡೆ, ಸೆರಗಿನಲ್ಲಿ ಸುತ್ತಿಕೊಂಡೆ. ಆಮೇಲೆ ಒಳಗೆ ಹೋದಾಗಲೂ ಬಾಗಿಲಲ್ಲೇ ನಿಂತಿದ್ದೆ. ಮುಟ್ಟಿಲ್ಲ. ದೇವರಾಣೆ, ಮುಟ್ಟಿ—

ರೇಷ್ಮಾಬಿ ಕರೆಯುತ್ತಿದ್ದಾಳೆ. "ಅಕ್ಕೋರ, ಹಾಳಿ ತಗೊಂಡು ಬರ್ರಿ," ಎನ್ನುತ್ತಿದ್ದಾಳೆ. "ದೊಡ್ಡ ಹಾಳಿ ತರ್ರಿ, ಇದು ನಾಕನೇ ಕೈ, ಬೆನ್ನ ತುಂಬ ಐತ್ರಿ."